ಬೈಬಲ್ಲಿನ ದೇವಾಲಯ: ಬಾಗಿಲಲ್ಲಿ ನಿಂತು ಓದುವ ಕ್ರಮ

ಬೈಬಲನ್ನು ಮೊದಲ ಪುಟದಿಂದ ಓದುತ್ತೇನೆಂದು ಹೊರಟವರಲ್ಲಿ ಬಹಳ ಮಂದಿ ಮುಗ್ಗರಿಸುವುದು ವಿಮೋಚನಕಾಂಡದ 25ನೆಯ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಕಥೆ ಓಡುತ್ತಿರುತ್ತದೆ. ಸಮುದ್ರ ಇಬ್ಭಾಗವಾಗಿದೆ, ಸೀನಾಯಿ ಬೆಟ್ಟ ಗುಡುಗಿದೆ, ಆಜ್ಞೆಗಳು ಬಂದಿವೆ. ಇದ್ದಕ್ಕಿದ್ದಂತೆ ದೇವರಿಗೊಂದು ಗುಡಾರ ಕಟ್ಟುವ ವಿವರ ಶುರುವಾಗಿ, ಬಡಗಿಯ ಲೆಕ್ಕದ ಪುಸ್ತಕ ಕೈಗೆ ಸಿಕ್ಕಂತಾಗುತ್ತದೆ: ಎಷ್ಟು ಮೊಳದ ಹಲಗೆ, ಎಷ್ಟು ಬಳೆ, ಎಷ್ಟು ಗೂಟ, ಆಡಿನ ಕೂದಲಿನ ಎಷ್ಟು ಪರದೆ. ನಾನೂ ಹಲವು ವರ್ಷ ಈ ಪುಟಗಳನ್ನು ಹಾರಿಸಿಯೇ ಮುಂದೆ ಹೋಗುತ್ತಿದ್ದೆ. ಹಾರಿಸಿದ್ದರ ನಷ್ಟ ತಿಳಿದದ್ದು ಹೊಸ ಒಡಂಬಡಿಕೆಗೆ ಬಂದ ಮೇಲೆ. ಶಿಲುಬೆಯ ಮೇಲೆ ಯೇಸು ಪ್ರಾಣ ಬಿಟ್ಟಾಗ ದೇವಾಲಯದ ತೆರೆ ಮೇಲಿನಿಂದ ಕೆಳಗಿನವರೆಗೂ ಹರಿಯಿತು ಎಂದು ಸುವಾರ್ತೆ ಹೇಳುತ್ತದೆ. ಯಾವ ತೆರೆ, ಅದು ಹರಿದರೆ ಏನಾಯಿತು? ಹಲಗೆ, ಬಳೆಗಳ ಅಧ್ಯಾಯ ಓದದವನಿಗೆ ಅದು ಹರಿದುಹೋದ ಒಂದು ಬಟ್ಟೆ, ಅಷ್ಟೆ.

ದೇವಾಲಯದ ಆತ್ಮಿಕ ಅರ್ಥವನ್ನು ಹೇಳುತ್ತೇವೆಂದು ಹೊರಡುವ ಪುಸ್ತಕಗಳು ಸಾಮಾನ್ಯವಾಗಿ ಒಂದೊಂದು ಸಾಮಾನಿಗೂ ಒಂದೊಂದು ಅರ್ಥ ಅಂಟಿಸುತ್ತಾ ಹೋಗುತ್ತವೆ. ಈ ಬಣ್ಣಕ್ಕೆ ಇದು, ಆ ಗೂಟಕ್ಕೆ ಅದು. ನಾನು ಇಲ್ಲಿ ಹೇಳುವ ದಾರಿ ಬೇರೆ. ಕಟ್ಟಡವನ್ನು ಬಿಡಿ, ಬಾಗಿಲನ್ನು ಹಿಡಿಯಿರಿ. ಆದಿಕಾಂಡದಿಂದ ಪ್ರಕಟನೆಯವರೆಗೆ ಪ್ರತಿ ನಿಲ್ದಾಣದಲ್ಲೂ ಮೂರೇ ಪ್ರಶ್ನೆ ಕೇಳಿ: ಬಾಗಿಲು ಎಲ್ಲಿದೆ? ಯಾರು ಎಷ್ಟು ಒಳಗೆ ಹೋಗಬಹುದು? ಒಳಗಿರುವಾತನು ಹೊರಗೆ ಬರುತ್ತಾನೆಯೇ? ಮೂರನೆಯ ಪ್ರಶ್ನೆಯನ್ನು ಮರೆಯುವವರೇ ಹೆಚ್ಚು. ಆದರೆ ಕಥೆಯನ್ನು ಮುಂದಕ್ಕೆ ತಳ್ಳುವುದು ಅದೇ.

ಬೇಕಾದದ್ದು ಒಂದು ಬೈಬಲ್, ಸಾಧ್ಯವಾದರೆ ಎರಡು ಬೇರೆ ಅನುವಾದಗಳು, ಗೆರೆಯಿಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್. ದಿನಕ್ಕೆ ಅರ್ಧ ಗಂಟೆಯಂತೆ ಎರಡು ಮೂರು ವಾರ ಹಿಡಿಯಬಹುದು. ಅವಸರ ಮಾಡಿದರೆ ಮತ್ತೆ ಗೂಟದ ಲೆಕ್ಕದಲ್ಲೇ ಸಿಕ್ಕಿಬೀಳುತ್ತೀರಿ.

ಮೊದಲ ಹೆಜ್ಜೆ: ಪದಗಳನ್ನು ಬಿಡಿಸಿಕೊಳ್ಳಿ

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಲವು ಪದಗಳನ್ನು ಬರೆದಿಡಿ. ನಾವು 'ದೇವಾಲಯ' ಎಂದು ಓದುವ ಕಡೆ ಹೀಬ್ರೂ ಮೂಲದಲ್ಲಿ ಅನೇಕ ಸಲ ಇರುವುದು 'ಬಯಿತ್', ಅಂದರೆ ಬರಿಯ ಮನೆ. ಇನ್ನು ಕೆಲವೆಡೆ 'ಹೇಖಾಲ್'; ಅದಕ್ಕೆ ಅರಮನೆ ಎಂಬ ಅರ್ಥವೂ ಉಂಟು. ಕಲ್ಲಿನ ದೇವಾಲಯಕ್ಕೂ ಮೊದಲು, ಮೋಶೆಯ ಕಾಲದಲ್ಲಿದ್ದ ಗುಡಾರಕ್ಕೆ ಎರಡು ಹೆಸರು: 'ಮಿಷ್ಕಾನ್' ಎಂದರೆ ವಾಸಸ್ಥಾನ, 'ಓಹೆಲ್ ಮೋಎದ್' ಎಂದರೆ ಭೇಟಿಯ ಗುಡಾರ. ಕನ್ನಡ ಬೈಬಲ್ ಆದ ಸತ್ಯವೇದ ಇದನ್ನು ದೇವದರ್ಶನದ ಗುಡಾರ ಎನ್ನುತ್ತದೆ. ಇವುಗಳಲ್ಲಿ ಯಾವುದೂ ಮೊದಲಿಗೆ ಪೂಜೆಯ ಮಾತನ್ನು ಆಡುವುದಿಲ್ಲ, ವಾಸದ ಮಾತನ್ನು ಆಡುತ್ತದೆ. ನಮ್ಮ 'ಆಲಯ' ಪದದಲ್ಲೂ ಆ ಅರ್ಥವೇ ಇದೆ. ಬಳಸಿ ಬಳಸಿ ಅದು ನಮಗೆ ಕೇಳಿಸುವುದಿಲ್ಲ.

ಗ್ರೀಕಿನಲ್ಲಿ ಇನ್ನೊಂದು ಭೇದವಿದೆ. 'ಹಿಯೆರೋನ್' ಎಂದರೆ ಅಂಗಳಗಳು ಸೇರಿದಂತೆ ಇಡೀ ಆವರಣ. 'ನಾವೋಸ್' ಎಂದರೆ ಸಾಮಾನ್ಯವಾಗಿ ಒಳಗಿನ ಪವಿತ್ರ ಕಟ್ಟಡ. ಯೇಸು ವ್ಯಾಪಾರಿಗಳನ್ನು ಹೊರಗಟ್ಟಿದ್ದು ಹಿಯೆರೋನಿನಿಂದ. 'ನೀವು ದೇವರ ಆಲಯ' ಎಂದು ಅಪೊಸ್ತಲ ಪೌಲನು ಸಭೆಗೆ ಪತ್ರ ಬರೆದಾಗ ಬಳಸಿದ್ದು ನಾವೋಸ್. ಅನುವಾದದಲ್ಲಿ ಎರಡೂ ಒಂದೇ ಪದವಾಗಿ ಕಾಣಬಹುದು, ಆದ್ದರಿಂದ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಹಾಗೆಯೇ ದೇವರ ಸಾನ್ನಿಧ್ಯ ಕಣ್ಣಿಗೆ ಕಾಣುವುದನ್ನು ಹೇಳುವ 'ತೇಜಸ್ಸು' ಮತ್ತು 'ಮಹಿಮೆ': ಅನುವಾದಗಳು ಒಮ್ಮೆ ಇದನ್ನು, ಒಮ್ಮೆ ಅದನ್ನು ಬಳಸುತ್ತವೆ. ಎರಡೂ ಒಂದೇ ಎಳೆ ಎಂದು ತಿಳಿದು ಓದಿ.

ಎರಡನೆಯ ಹೆಜ್ಜೆ: ಮುಚ್ಚಿದ ಬಾಗಿಲಿನಿಂದ ಆರಂಭಿಸಿ

ಆದಿಕಾಂಡ 2 ಮತ್ತು 3ನ್ನು ಓದಿ. ಅಲ್ಲಿ ದೇವಾಲಯವೆಂಬ ಪದವಿಲ್ಲ, ಅದನ್ನು ಒಪ್ಪಿಕೊಂಡೇ ಮುಂದುವರಿಯೋಣ. ಆದರೆ ಒಂದು ತೋಟವಿದೆ, ಅದರಿಂದ ನದಿ ಹರಿಯುತ್ತದೆ, ನಡುವೆ ಜೀವವೃಕ್ಷವಿದೆ, ತಂಗಾಳಿಯ ಹೊತ್ತಿನಲ್ಲಿ ದೇವರು ಅಲ್ಲಿ ನಡೆದಾಡುತ್ತಾನೆ. ಮನುಷ್ಯನನ್ನು ಅಲ್ಲಿ ಇಟ್ಟದ್ದು ತೋಟವನ್ನು ವ್ಯವಸಾಯ ಮಾಡಲು ಮತ್ತು ಕಾಯಲು. ಹೀಬ್ರೂವಿನ ಈ ಎರಡು ಕ್ರಿಯಾಪದಗಳ ಜೋಡಿಯೇ ಅರಣ್ಯಕಾಂಡ 3ರಲ್ಲಿ ಗುಡಾರದ ಸೇವೆ ಮಾಡಿ ಅದನ್ನು ಕಾಯುವ ಲೇವಿಯರ (ಆರಾಧನೆಯ ಸೇವೆಗೆ ನೇಮಕವಾದ ಕುಲದವರ) ಕೆಲಸವನ್ನು ಹೇಳಲು ಬರುತ್ತದೆ. ಏದೆನ್ ತೋಟವೇ ಮೊದಲ ಪವಿತ್ರಸ್ಥಾನ ಎಂದು ಅನೇಕ ವ್ಯಾಖ್ಯಾನಕಾರರು ಹೇಳುವುದಕ್ಕೆ ಇದೊಂದು ಕಾರಣ.

3:24ಕ್ಕೆ (3ನೆಯ ಅಧ್ಯಾಯದ 24ನೆಯ ವಚನಕ್ಕೆ) ಬಂದಾಗ ಪೆನ್ಸಿಲ್ ಎತ್ತಿಕೊಳ್ಳಿ. ಮನುಷ್ಯನು ಹೊರಗೆ, ತೋಟದ ಪೂರ್ವದಲ್ಲಿ ಕೆರೂಬಿಗಳೆಂಬ ರೆಕ್ಕೆಯ ದೇವಜೀವಿಗಳು, ಸುತ್ತಲೂ ಧಗಧಗಿಸುವ ಕತ್ತಿ. ಮೂರು ವಿಷಯ ಬರೆದುಕೊಳ್ಳಿ: ಪೂರ್ವ ದಿಕ್ಕು, ಕೆರೂಬಿ, ಕಾವಲು. ಮುಂದಿನ ಸಾವಿರ ಪುಟಗಳಲ್ಲಿ ಇವು ಮತ್ತೆ ಮತ್ತೆ ಎದುರಾಗುತ್ತವೆ.

ಮುಂದೆ ಹೋಗುವ ಮೊದಲು ಆದಿಕಾಂಡ 28ರಲ್ಲಿ ಒಂದು ನಿಮಿಷ ನಿಲ್ಲಿ. ಮನೆಬಿಟ್ಟು ಓಡುತ್ತಿರುವ ಯಾಕೋಬನು ಕಲ್ಲನ್ನು ತಲೆದಿಂಬಾಗಿಟ್ಟು ಮಲಗಿ, ಆಕಾಶ ಮುಟ್ಟುವ ಮೆಟ್ಟಿಲನ್ನು ಕನಸಿನಲ್ಲಿ ಕಂಡು, ಇದು ದೇವರ ಮನೆ, ಇದು ಪರಲೋಕದ ಬಾಗಿಲು ಎನ್ನುತ್ತಾನೆ. ಅಲ್ಲಿ ಗೋಡೆಯೂ ಇಲ್ಲ, ಮಾಡೂ ಇಲ್ಲ. ಅವನು ಹುಡುಕಿಕೊಂಡು ಹೋದದ್ದೂ ಅಲ್ಲ.

ಮೂರನೆಯ ಹೆಜ್ಜೆ: ಗುಡಾರದ ನಕ್ಷೆಯನ್ನು ನೀವೇ ಬಿಡಿಸಿ

ಇಲ್ಲಿಗೆ ಹೆಚ್ಚು ದಿನ ಕೊಡಿ. ವಿಮೋಚನಕಾಂಡ 25ರಿಂದ 31, ನಂತರ 35ರಿಂದ 40. ಓದುವಾಗ ಸಿದ್ಧ ಚಿತ್ರಗಳನ್ನು ನೋಡಬೇಡಿ, ನೀವೇ ಬರೆಯಿರಿ. ಅಂಗಳ 100 ಮೊಳ ಉದ್ದ, 50 ಮೊಳ ಅಗಲ. ಅದರೊಳಗಿನ ಗುಡಾರ 30 ಮೊಳ ಉದ್ದ, 10 ಮೊಳ ಅಗಲ. ಮೊಳವೊಂದಕ್ಕೆ ಸುಮಾರು 45 ಸೆಂಟಿಮೀಟರ್ ಹಿಡಿದರೆ ಗುಡಾರ ಹದಿಮೂರೂವರೆ ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲ. ಲೋಕವನ್ನು ಸೃಷ್ಟಿಸಿದಾತನ ಮನೆ ಇಷ್ಟೇ. ಈ ಚಿಕ್ಕತನ ನನಗೆ ಮೊದಲ ಸಲ ತಟ್ಟಿದ್ದು ಕಾಗದದ ಮೇಲೆ ಗೆರೆ ಎಳೆದಾಗಲೇ.

ಬಾಗಿಲನ್ನು ಪೂರ್ವಕ್ಕೆ ಬರೆಯಿರಿ. ಒಳಗೆ ಬಂದರೆ ಮೊದಲು ಯಜ್ಞವೇದಿ, ಆಮೇಲೆ ತಾಮ್ರದ ತೊಟ್ಟಿ, ಆಮೇಲೆ ಗುಡಾರದ ಪರದೆ. ಪರದೆ ದಾಟಿದರೆ ದೀಪಸ್ತಂಭ, ರೊಟ್ಟಿಯ ಮೇಜು, ಧೂಪವೇದಿ. ಅದರಾಚೆ ಇನ್ನೊಂದು ತೆರೆ, ತೆರೆಯ ಹಿಂದೆ ಮಂಜೂಷ, ಅಂದರೆ ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಟ್ಟ ಪೆಟ್ಟಿಗೆ. ಹೊರಗೆ ತಾಮ್ರ, ಒಳಗೆ ಹೋದಂತೆ ಚಿನ್ನ. ದೀಪಸ್ತಂಭಕ್ಕೆ ಬಾದಾಮಿ ಹೂವಿನ ಮೊಗ್ಗುಗಳು, ಕೊಂಬೆಗಳು. ನೋಡಿದರೆ ಚಿನ್ನದ ಮರದಂತಿದೆ. ಒಳತೆರೆಯ ಮೇಲೆ ನೇಯ್ದಿರುವುದು ಏನೆಂದು 26:31ರಲ್ಲಿ ಹುಡುಕಿ. ಕೆರೂಬಿಗಳು. ಏದೆನಿನ ಕಾವಲುಗಾರರು ಈಗ ಬಟ್ಟೆಯ ಮೇಲಿದ್ದಾರೆ. ಬಾಗಿಲು ಇನ್ನೂ ಮುಚ್ಚಿಯೇ ಇದೆ. ಆದರೆ ಆ ಬಾಗಿಲು ಈಗ ಜನರ ಪಾಳೆಯದ ನಟ್ಟನಡುವೆ ಬಂದು ನಿಂತಿದೆ. 25:8ರಲ್ಲಿ ಕೊಟ್ಟ ಕಾರಣವೂ ಅದೇ: ಅವರ ಮಧ್ಯದಲ್ಲಿ ನಾನು ವಾಸಿಸುವಂತೆ. ಗಮನಿಸಿ, 'ಅದರಲ್ಲಿ' ಎಂದಿಲ್ಲ, 'ಅವರ ಮಧ್ಯದಲ್ಲಿ' ಎಂದಿದೆ.

31ರಿಂದ 35ಕ್ಕೆ ನೇರವಾಗಿ ಜಿಗಿಯಬೇಡಿ. ಆದೇಶಕ್ಕೂ ಅದರ ಪಾಲನೆಗೂ ನಡುವೆ, 32ರಲ್ಲಿ, ಚಿನ್ನದ ಕರುವಿನ ಪ್ರಸಂಗ ಸಿಕ್ಕಿಕೊಂಡಿದೆ. ದೇವರು ಮನೆಯ ನಕ್ಷೆ ಕೊಡುತ್ತಿರುವಾಗಲೇ ಕೆಳಗೆ ಜನರು ತಮ್ಮ ಓಲೆಗಳನ್ನು ಬಿಚ್ಚಿ ಬೇರೊಂದು ದೇವರನ್ನು ಎರಕ ಹೊಯ್ದಿದ್ದಾರೆ. ಆದರೂ ಮನೆ ಎದ್ದು ನಿಲ್ಲುತ್ತದೆ. ಅದೇ ಅಧ್ಯಾಯಗಳನ್ನು ಎರಡೆರಡು ಸಲ ಬರೆದಿದ್ದಾರೆಂದು ಗೊಣಗುವವರು ಈ ನಡುವಿನ ಅಧ್ಯಾಯವನ್ನು ಓದಿ ಗೊಣಗಲಿ.

ಈಗ ಪುಸ್ತಕಗಳ ಅಂಚುಗಳನ್ನು ಜೋಡಿಸಿ ನೋಡುವ ಒಂದು ಅಭ್ಯಾಸ. ವಿಮೋಚನಕಾಂಡದ ಕೊನೆಗೆ ತೇಜಸ್ಸು ಗುಡಾರವನ್ನು ತುಂಬುತ್ತದೆ, ಮೋಶೆಗೆ ಒಳಗೆ ಹೋಗಲಾಗುವುದಿಲ್ಲ. ಯಾಜಕಕಾಂಡದ ಮೊದಲ ವಚನದಲ್ಲಿ ಯೆಹೋವನು (ಹಳೆಯ ಒಡಂಬಡಿಕೆಯಲ್ಲಿ ದೇವರ ಹೆಸರು) ಗುಡಾರದೊಳಗಿಂದ ಅವನನ್ನು ಕರೆದು ಮಾತಾಡುತ್ತಾನೆ. ಅರಣ್ಯಕಾಂಡದ ಮೊದಲ ವಚನದಲ್ಲಿ ಗುಡಾರದಲ್ಲಿಯೇ ಮಾತಾಡುತ್ತಾನೆ. ಹೊಸ್ತಿಲ ಆಚೆಯಿಂದ ಈಚೆಗೆ ಬರಲು ನಡುವಿನ ಒಂದು ಇಡೀ ಪುಸ್ತಕ ಬೇಕಾಯಿತು. ಯಾಜಕಕಾಂಡ ಒಣ ನಿಯಮಗಳ ಪಟ್ಟಿ ಎಂದು ತೋರುವುದು ಈ ಎರಡು ಅಂಚುಗಳನ್ನು ಬಿಟ್ಟು ಓದಿದಾಗ.

ಅದರ ನಡುಭಾಗವಾದ 16ನೆಯ ಅಧ್ಯಾಯವನ್ನು ನಕ್ಷೆಯ ಮುಂದೆ ಕೂತು ಓದಿ. ಏಳನೆಯ ತಿಂಗಳ ಹತ್ತನೆಯ ದಿನ, ವರ್ಷಕ್ಕೊಮ್ಮೆ, ಮಹಾಯಾಜಕನೊಬ್ಬನೇ ಒಳತೆರೆಯನ್ನು ದಾಟುತ್ತಾನೆ. ಅವನ ನಡಿಗೆಯನ್ನು ಬೆರಳಿನಿಂದ ಎಳೆಯಿರಿ: ಪೂರ್ವದಿಂದ ಪಶ್ಚಿಮಕ್ಕೆ, ಕೆರೂಬಿಗಳನ್ನು ಹಾದು, ಒಳಕ್ಕೆ. ಆದಾಮನು ಹೊರಬಿದ್ದ ದಾರಿಯಲ್ಲೇ ಒಬ್ಬನು ವರ್ಷಕ್ಕೊಂದು ದಿನ ಹಿಂದಕ್ಕೆ ನಡೆಯುತ್ತಿದ್ದಾನೆ.

ಇಲ್ಲೊಂದು ಎಚ್ಚರಿಕೆ. ಇಷ್ಟೆಲ್ಲ ಸಿಕ್ಕಿದ ಮೇಲೆ ಉಳಿದ ಪ್ರತಿಯೊಂದಕ್ಕೂ ಗೂಢಾರ್ಥ ಹುಡುಕುವ ಚಪಲ ಹುಟ್ಟುತ್ತದೆ. ಧರ್ಮಗ್ರಂಥವೇ ಬೇರೊಂದು ಕಡೆ ಹಿಡಿದೆತ್ತಿ ತೋರಿಸಿದ ಎಳೆಗಳನ್ನು ಮಾತ್ರ ಹಿಡಿಯಿರಿ, ಉಳಿದವನ್ನು ಬಿಡಿ. ಇಬ್ರಿಯರಿಗೆ ಬರೆದ ಪತ್ರಿಕೆಯ ಲೇಖಕ ಮಂಜೂಷ, ಮನ್ನದ (ಮರುಭೂಮಿಯಲ್ಲಿ ದೇವರು ಕೊಟ್ಟ ಆಹಾರದ) ಪಾತ್ರೆ, ಕೆರೂಬಿಗಳನ್ನೆಲ್ಲ ಹೆಸರಿಸಿ, ಇವನ್ನು ಒಂದೊಂದಾಗಿ ವಿವರಿಸಲು ಈಗ ಸಾಧ್ಯವಿಲ್ಲ ಎಂದು ಸುಮ್ಮನಾಗುತ್ತಾನೆ (9:5). ಅವನೇ ಕೈಬಿಟ್ಟದ್ದನ್ನು ನಾವು ಗೂಟ ಸಮೇತ ವಿವರಿಸುವ ಅಗತ್ಯವಿಲ್ಲ.

ನಾಲ್ಕನೆಯ ಹೆಜ್ಜೆ: ಸೊಲೊಮೋನನ ಕಟ್ಟಡವನ್ನು ಎರಡು ಕಣ್ಣಿನಿಂದ ನೋಡಿ

ಮೊದಲು 2 ಸಮುವೇಲ 7. ದಾವೀದನು ದೇವರಿಗೊಂದು ಮನೆ ಕಟ್ಟುತ್ತೇನೆ ಎನ್ನುತ್ತಾನೆ. ನಾನೇ ನಿನಗೊಂದು ಮನೆ ಕಟ್ಟುತ್ತೇನೆ ಎಂಬ ಉತ್ತರ ಬರುತ್ತದೆ. ದಾವೀದನ ಬಾಯಲ್ಲಿ ಅದು ಕಟ್ಟಡ, ದೇವರ ಬಾಯಲ್ಲಿ ಮನೆತನ. ಹೀಬ್ರೂವಿನ ಈ ಶ್ಲೇಷೆ ಕನ್ನಡದಲ್ಲಿ ಬಹುಪಾಲು ಉಳಿದುಬರುವುದು ನಮ್ಮ ಭಾಗ್ಯ. ಕಲ್ಲಿನ ಮನೆಯ ಕಥೆಯೊಳಗೆ ಮನುಷ್ಯರ ಮನೆಯ ಕಥೆ ಸೇರಿಕೊಂಡದ್ದು ಇಲ್ಲಿಯೇ.

ನಂತರ 1 ಅರಸುಗಳು 5ರಿಂದ 8; ಇಲ್ಲಿ ದಾವೀದನ ಮಗ ಸೊಲೊಮೋನನು ಆ ಮನೆ ಕಟ್ಟುತ್ತಾನೆ. ಕಟ್ಟಡ 60 ಮೊಳ ಉದ್ದ, 20 ಮೊಳ ಅಗಲ, 30 ಮೊಳ ಎತ್ತರ. ಮಹಾಪವಿತ್ರಸ್ಥಾನ, ಅಂದರೆ ಮಂಜೂಷವಿರುವ ಒಳಕೋಣೆ, 20 ಮೊಳದ ಘನ. ಈ ಆಕಾರವನ್ನು ನೆನಪಿಡಿ, ಕೊನೆಯಲ್ಲಿ ಬೇಕಾಗುತ್ತದೆ. ಗೋಡೆಗಳ ತುಂಬ ಖರ್ಜೂರದ ಮರ, ಅರಳಿದ ಹೂವು, ಕೆರೂಬಿ. ಒಳಕೋಣೆಯ ಎಣ್ಣೆಮರದ ಬಾಗಿಲುಗಳ ಮೇಲೂ ಅದೇ ಕೆತ್ತನೆ. ಏದೆನ್ ತೋಟವನ್ನು ಮರ ಮತ್ತು ಚಿನ್ನದಲ್ಲಿ ಮರಳಿ ನೆಟ್ಟಂತಿದೆ. ಪ್ರತಿಷ್ಠೆಯ ಪ್ರಾರ್ಥನೆಯಲ್ಲಿ ಸೊಲೊಮೋನನು ಆಕಾಶದ ಆಕಾಶವೂ ನಿನಗೆ ಸಾಲದು, ನಾನು ಕಟ್ಟಿದ ಈ ಮನೆ ಎಷ್ಟರದು ಎಂದು ಕೇಳುತ್ತಾನೆ. ಪರದೇಶದವನು ಬಂದು ಪ್ರಾರ್ಥಿಸಿದರೂ ಕೇಳು ಎನ್ನುತ್ತಾನೆ. ಇದು ಒಂದು ಕಣ್ಣಿನ ನೋಟ.

ಇನ್ನೊಂದು ಕಣ್ಣಿಗೆ ಬೇರೆ ಕಾಣುತ್ತದೆ. ದೇವಾಲಯಕ್ಕೆ ಏಳು ವರ್ಷ ಹಿಡಿಯಿತು ಎಂದ ಕೂಡಲೇ, ಮುಂದಿನ ವಚನದಲ್ಲೇ, ಅರಸನ ಸ್ವಂತ ಅರಮನೆಗೆ ಹದಿಮೂರು ವರ್ಷ ಹಿಡಿಯಿತು ಎಂದು ಗ್ರಂಥ ಹೇಳುತ್ತದೆ. ಟೀಕೆಯ ಮಾತೊಂದೂ ಇಲ್ಲ, ಲೆಕ್ಕ ಮಾತ್ರ. ಬಿಟ್ಟಿ ಕೆಲಸಕ್ಕೆ ಹಿಡಿದವರ ಸಂಖ್ಯೆಯೂ ಅಲ್ಲೇ ಇದೆ: 30,000. ಐಗುಪ್ತದಲ್ಲಿ (ಈಜಿಪ್ಟ್) ಬಿಟ್ಟಿ ದುಡಿದು ಬಂದವರ ಸಂತಾನಕ್ಕೆ ದೇವರ ಮನೆ ಕಟ್ಟಲು ಮತ್ತೆ ಬಿಟ್ಟಿ. ಇದನ್ನು ಕಾಣದೆ ದೇವಾಲಯದ ವೈಭವವನ್ನು ಮಾತ್ರ ಹಾಡಿದರೆ ಮುಂದೆ ಬರುವ ಪ್ರವಾದಿಗಳ ಸಿಟ್ಟು ಅರ್ಥವಾಗುವುದಿಲ್ಲ.

ಪ್ರವಾದಿಗಳಿಗೆ ಹೋಗುವ ಮೊದಲು ಒಂದು ದಿನ ಕೀರ್ತನೆ 84ನ್ನು ಗಟ್ಟಿಯಾಗಿ ಓದಿ. ಯಜ್ಞವೇದಿಯ ಬಳಿ ಗುಬ್ಬಿಗೆ ಗೂಡು ಸಿಕ್ಕಿದೆ ಎಂದು ಹಾಡುವವನಿಗೆ ಆ ಗುಬ್ಬಿಯ ಮೇಲೆ ಹೊಟ್ಟೆಕಿಚ್ಚು. ದುಷ್ಟರ ಗುಡಾರಗಳಲ್ಲಿ ವಾಸಿಸುವುದಕ್ಕಿಂತ ನನ್ನ ದೇವರ ಆಲಯದ ಹೊಸ್ತಿಲಲ್ಲಿ ನಿಲ್ಲುವುದೇ ಮೇಲು ಎನ್ನುತ್ತಾನೆ. ಕೀರ್ತನೆಯ ತಲೆಬರಹದಲ್ಲಿರುವುದು ಕೋರಹನ ವಂಶದವರ ಹೆಸರು. ಆ ವಂಶದವರಿಗಿದ್ದ ಕೆಲಸವೇನೆಂದು 1 ಪೂರ್ವಕಾಲವೃತ್ತಾಂತ 9:19ರಲ್ಲಿ ನೋಡಿ: ಬಾಗಿಲು ಕಾಯುವುದು.

ಐದನೆಯ ಹೆಜ್ಜೆ: ಆತನು ಹೊರಟುಹೋಗುವುದನ್ನು ನೋಡಿ

ಯೆರೆಮೀಯ 7ರಲ್ಲಿ ಪ್ರವಾದಿ ನಿಂತಿರುವುದು ದೇವಾಲಯದ ಬಾಗಿಲಲ್ಲಿಯೇ. ಪೂಜೆಗೆ ಬರುವವರನ್ನು ತಡೆದು ಹೇಳುತ್ತಾನೆ: ಯೆಹೋವನ ಆಲಯ, ಯೆಹೋವನ ಆಲಯ, ಯೆಹೋವನ ಆಲಯ ಎಂಬ ಮೋಸದ ಮಾತನ್ನು ನಂಬಬೇಡಿ. ಕದ್ದು, ಕೊಂದು, ಅನಾಥರನ್ನೂ ವಿಧವೆಯರನ್ನೂ ಹಿಂಸಿಸಿ, ಇಲ್ಲಿ ಬಂದು ನಿಂತು ಬಚಾವಾದೆವು ಎನ್ನುತ್ತೀರಲ್ಲ, ಈ ಮನೆ ನಿಮಗೆ ಕಳ್ಳರ ಗವಿಯಾಗಿಬಿಟ್ಟಿತೋ? ಗವಿ ಎಂದರೆ ಕಳ್ಳರು ಕದಿಯುವ ಜಾಗವಲ್ಲ, ಕದ್ದ ಮೇಲೆ ಬಂದು ಅಡಗುವ ಜಾಗ. ಯೇಸು ಈ ಮಾತನ್ನು ಮತ್ತೆ ಆಡುವಾಗ ಈ ಭೇದ ನೆನಪಿರಲಿ.

ಯೆಹೆಜ್ಕೇಲ 8ರಿಂದ 11ನ್ನು ಒಂದೇ ಸಲ ಕೂತು ಓದಿ. ಮೂರನೆಯ ಪ್ರಶ್ನೆಗೆ ಇಲ್ಲಿ ಭಯಂಕರವಾದ ಉತ್ತರವಿದೆ. ತೇಜಸ್ಸು ಮಹಾಪವಿತ್ರಸ್ಥಾನದಿಂದ ಎದ್ದು ಹೊಸ್ತಿಲಿಗೆ ಬರುತ್ತದೆ, ಹೊಸ್ತಿಲಿನಿಂದ ಪೂರ್ವದ ಬಾಗಿಲಿಗೆ, ಅಲ್ಲಿಂದ ಊರಿನ ಪೂರ್ವದ ಬೆಟ್ಟಕ್ಕೆ. ನಿಂತು ನಿಂತು ಹೋಗುತ್ತದೆ, ಯಾರಾದರೂ ಕರೆಯುತ್ತಾರೇನೋ ಎಂಬಂತೆ. ಹಾಗೆ ಅನ್ನಿಸುವುದು ನನಗೆ. ಗ್ರಂಥ ಆ ಮಾತನ್ನು ಹೇಳಿಲ್ಲ. ಆದರೆ ಸೆರೆಯಾಗಿ ಬಾಬೆಲಿಗೆ (ಬ್ಯಾಬಿಲೋನ್) ಹೋದವರ ಬಗ್ಗೆ 11:16 ಹೇಳುವುದನ್ನು ತಪ್ಪಿಸಬೇಡಿ: ಅವರು ಸೇರಿದ ದೇಶಗಳಲ್ಲಿ ಸ್ವಲ್ಪ ಕಾಲ ನಾನೇ ಅವರಿಗೆ ಪವಿತ್ರಾಲಯ. ಕೆಲವು ಅನುವಾದಗಳು ಇದನ್ನು ಚಿಕ್ಕ ಪವಿತ್ರಾಲಯ ಎನ್ನುತ್ತವೆ. ಮನೆ ಸುಡುವ ಮೊದಲೇ ಮನೆಯೊಡೆಯನು ಗಡೀಪಾರಾದವರ ಜೊತೆ ಹೋಗಿಬಿಟ್ಟಿದ್ದಾನೆ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಸುಟ್ಟದ್ದು ಖಾಲಿ ಮನೆಯನ್ನು.

ಎರಡನೆಯ ದೇವಾಲಯ ಕ್ರಿ.ಪೂ. 515ರ ಸುಮಾರಿಗೆ ಮುಗಿಯಿತು. ಎಜ್ರ 3ರಲ್ಲಿ ಅದಕ್ಕೆ ಅಸ್ತಿವಾರ ಹಾಕುವಾಗ ಹಳೆಯದನ್ನು ಕಂಡಿದ್ದ ಮುದುಕರು ಅಳುತ್ತಾರೆ, ಇತರರು ಆರ್ಭಟಿಸುತ್ತಾರೆ, ದೂರದವರಿಗೆ ಎರಡೂ ಸದ್ದು ಒಂದೇ ಆಗಿ ಕೇಳಿಸುತ್ತದೆ. ಗುಡಾರವನ್ನೂ ಸೊಲೊಮೋನನ ಮನೆಯನ್ನೂ ತುಂಬಿದ ತೇಜಸ್ಸು ಇದನ್ನು ತುಂಬಿತೆಂಬ ವಚನ ಎಜ್ರನ ಗ್ರಂಥದಲ್ಲಿ ಇಲ್ಲ.

ನನ್ನ ಬಾಗಿಲಿನ ಎಳೆ ಎಲ್ಲ ಕಡೆ ಸಲೀಸಾಗಿ ಹರಿಯುತ್ತದೆ ಎಂದು ತಿಳಿಯಬೇಡಿ. ಯೆಹೆಜ್ಕೇಲ 43ರಲ್ಲಿ ತೇಜಸ್ಸು ಪೂರ್ವದ ಬಾಗಿಲಿನಿಂದಲೇ ಮರಳಿ ಬರುತ್ತದೆ, ಸರಿ. ಆದರೆ 44ರಲ್ಲಿ ಆ ಬಾಗಿಲನ್ನು ಮುಚ್ಚಿ, ಯಾರೂ ಅದರ ಮೂಲಕ ಬರಬಾರದು ಎಂದು ಅಪ್ಪಣೆಯಾಗುತ್ತದೆ. ಈ ಕೊನೆಯ ಅಧ್ಯಾಯಗಳ ದೇವಾಲಯ ಮುಂದೆ ನಿಜವಾಗಿ ಕಟ್ಟಲ್ಪಡುವುದೆಂದು ಕೆಲವು ಕ್ರೈಸ್ತರು ನಂಬುತ್ತಾರೆ. ಅದು ಸಂಕೇತ ಎಂದು ಇನ್ನು ಕೆಲವರು. ನನ್ನ ಒಲವು ಎರಡನೆಯದರ ಕಡೆಗೆ. 47ರಲ್ಲಿ ಹೊಸ್ತಿಲಿನ ಅಡಿಯಿಂದ ನೀರು ಹೊರಟು ಪೂರ್ವಕ್ಕೆ ಹರಿಯುತ್ತಾ, ಉಪನದಿಯೊಂದೂ ಸೇರದೆ ಆಳವಾಗುತ್ತಾ, ಸತ್ತ ಸಮುದ್ರವನ್ನು ಬದುಕಿಸುತ್ತದೆ. ಬಾಗಿಲು ಮುಚ್ಚಿದರೂ ನೀರು ನಿಲ್ಲಲಿಲ್ಲ ಎಂದು ಅಂಚಿನಲ್ಲಿ ಬರೆದುಕೊಳ್ಳಿ.

ಆರನೆಯ ಹೆಜ್ಜೆ: ಸುವಾರ್ತೆಗಳಲ್ಲಿ ಮನೆ ನಡೆದಾಡುತ್ತದೆ

ಯೋಹಾನನಿಂದ ಆರಂಭಿಸಿ. 1:14ರಲ್ಲಿ ವಾಕ್ಯವು ಮನುಷ್ಯನಾಗಿ ನಮ್ಮ ಮಧ್ಯದಲ್ಲಿ ವಾಸಿಸಿತು ಎಂಬಲ್ಲಿ ಗ್ರೀಕ್ ಕ್ರಿಯಾಪದ ಗುಡಾರ ಹಾಕುವುದಕ್ಕೆ ಸೇರಿದ್ದು. ಮುಂದಿನ ಮಾತೇ ಆತನ ಮಹಿಮೆಯನ್ನು ನೋಡಿದೆವು ಎಂಬುದು. ಗುಡಾರ, ಮಹಿಮೆ: ವಿಮೋಚನಕಾಂಡ 40 ಇಲ್ಲಿ ಮರುಕಳಿಸಿದೆ. 1:51ರಲ್ಲಿ ಯಾಕೋಬನ ಮೆಟ್ಟಿಲು. 2:19ರಲ್ಲಿ, ಈ ಆಲಯವನ್ನು ಕೆಡವಿರಿ, ಮೂರು ದಿನದಲ್ಲಿ ಎಬ್ಬಿಸುತ್ತೇನೆ. ಕೇಳಿದವರು ಹೆರೋದನು ಕಟ್ಟಲು ಆರಂಭಿಸಿದ ಕಟ್ಟಡವನ್ನು ತೋರಿಸಿ ಇದಕ್ಕೆ 46 ವರ್ಷ ಹಿಡಿಯಿತಲ್ಲ ಎನ್ನುತ್ತಾರೆ. ಆತನು ತನ್ನ ದೇಹವನ್ನು ಕುರಿತು ಹೇಳಿದ್ದು ಎಂದು ಯೋಹಾನನೇ ಬಿಡಿಸಿ ಹೇಳುತ್ತಾನೆ. 4ರಲ್ಲಿ ಸಮಾರ್ಯದ ಹೆಂಗಸು ಆರಾಧನೆಗೆ ಯಾವ ಬೆಟ್ಟ ಸರಿ ಎಂದು ಕೇಳುತ್ತಾಳೆ. ಈ ಬೆಟ್ಟವೂ ಅಲ್ಲ, ಯೆರೂಸಲೇಮೂ ಅಲ್ಲ ಎಂಬ ಉತ್ತರ ಅವಳಿಗೆ ಸಿಗುವುದು ಬಾವಿಯ ದಂಡೆಯಲ್ಲಿ. 10:9ರಲ್ಲಿ ನಾನೇ ಬಾಗಿಲು ಎಂಬ ಮಾತಿದೆ. ಅದು ಕುರಿಹಟ್ಟಿಯ ಬಾಗಿಲು, ದೇವಾಲಯದ್ದಲ್ಲ. ಆದರೂ ಇಲ್ಲಿಯವರೆಗೆ ನಡೆದು ಬಂದವರಿಗೆ ಆ ಮಾತು ಸುಮ್ಮನೆ ದಾಟಿಹೋಗುವುದಿಲ್ಲ.

ಆಮೇಲೆ ಮಾರ್ಕ 11. ಯೇಸು ವ್ಯಾಪಾರಿಗಳನ್ನು ಹೊರಗಟ್ಟಿದ ದೇವಾಲಯದ ಪ್ರಸಂಗದ ಹಿಂದೆಯೂ ಮುಂದೆಯೂ ಅಂಜೂರದ ಮರವಿದೆ: ಮೊದಲು ಶಾಪ, ನಡುವೆ ದೇವಾಲಯ, ಆಮೇಲೆ ಬೇರುಸಹಿತ ಒಣಗಿದ ಮರ. ಮಾರ್ಕನು ಒಂದರಿಂದ ಇನ್ನೊಂದನ್ನು ಓದಿರಿ ಎನ್ನುತ್ತಿದ್ದಾನೆ. ಯೇಸು ಅಲ್ಲಿ ಎರಡು ಪ್ರವಾದಿಗಳನ್ನು ಒಂದೇ ಉಸಿರಿನಲ್ಲಿ ಹೆಣೆಯುತ್ತಾನೆ: ಎಲ್ಲಾ ಜನಾಂಗಗಳಿಗೂ ಪ್ರಾರ್ಥನೆಯ ಮನೆ ಎಂಬುದು ಯೆಶಾಯ 56ರಿಂದ, ಕಳ್ಳರ ಗವಿ ಎಂಬುದು ಯೆರೆಮೀಯ 7ರಿಂದ.

ಈಗ ತೆರೆಗೆ ಬರೋಣ. ಮಾರ್ಕ 15:38ರಲ್ಲಿ ಹರಿಯಿತು ಎಂಬುದಕ್ಕಿರುವ ಗ್ರೀಕ್ ಕ್ರಿಯಾಪದ ಅವನ ಸುವಾರ್ತೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: 1:10, ಯೇಸುವಿನ ದೀಕ್ಷಾಸ್ನಾನದಲ್ಲಿ ಆಕಾಶ ಹರಿದಾಗ. ಕಥೆಯ ಆರಂಭದಲ್ಲಿ ಆಕಾಶ, ಅಂತ್ಯದಲ್ಲಿ ತೆರೆ. ದೇವಾಲಯದ ಹೊರಬಾಗಿಲಿನ ತೆರೆಯ ಮೇಲೆ ಆಕಾಶದ ಚಿತ್ರವನ್ನೇ ಕಸೂತಿ ಮಾಡಿದ್ದರೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಹರಿದದ್ದು ಆ ತೆರೆಯೋ ಒಳಗಿನದೋ ಎಂಬ ಚರ್ಚೆ ಇದೆ. ಇಬ್ರಿಯರಿಗೆ ಬರೆದ ಪತ್ರಿಕೆ ಒಳತೆರೆಯನ್ನೇ ಹಿಡಿದು ಆತನ ಶರೀರವೇ ಆ ತೆರೆ ಎನ್ನುತ್ತದೆ (10:20). ತೆರೆ ಹರಿದ ಮೇಲೆ ಮೊದಲು ಮಾತಾಡುವವನು ಯಾರೆಂದು ನೋಡಿ. ಯಾಜಕನಲ್ಲ, ಶಿಷ್ಯನಲ್ಲ. ಯೆಹೂದ್ಯನಲ್ಲದ್ದರಿಂದ ಅಂಗಳದ ಗಡಿ ದಾಟಲು ಅನುಮತಿಯೇ ಇಲ್ಲದ ರೋಮನ್ ಶತಾಧಿಪತಿ.

ಏಳನೆಯ ಹೆಜ್ಜೆ: 'ನೀವು' ಎಂದರೆ ಎಷ್ಟು ಜನ?

1 ಕೊರಿಂಥ 3:16: ನೀವು ದೇವರ ಆಲಯವಾಗಿದ್ದೀರೆಂದು ನಿಮಗೆ ಗೊತ್ತಿಲ್ಲವೇ? ಕನ್ನಡದ 'ನೀವು' ಇಲ್ಲಿ ಸ್ವಲ್ಪ ಕಾಟ ಕೊಡುತ್ತದೆ. ಅದು ಬಹುವಚನವೂ ಹೌದು, ಒಬ್ಬರಿಗೆ ಕೊಡುವ ಗೌರವವೂ ಹೌದು. ಒಂಟಿಯಾಗಿ ಓದುವಾಗ ಪೌಲನು ನನ್ನನ್ನೇ ಬಹುವಚನದಲ್ಲಿ ಕರೆಯುತ್ತಿದ್ದಾನೆ ಅನ್ನಿಸುತ್ತದೆ. ಗ್ರೀಕಿನಲ್ಲಿ ಆ ಸಂದೇಹವಿಲ್ಲ: ನೀವೆಲ್ಲರೂ ಸೇರಿ ಒಂದು ಆಲಯ. ಹಿಂದಿನ ವಚನಗಳಲ್ಲಿ ಅವನು ಬಯ್ಯುತ್ತಿರುವುದು ನಾನು ಪೌಲನವನು, ನಾನು ಅಪೊಲ್ಲೋಸನವನು ಎಂದು ಪಕ್ಷ ಕಟ್ಟಿಕೊಂಡ ಸಭೆಯನ್ನು. ಆದ್ದರಿಂದ ಮುಂದಿನ ವಚನದ ಎಚ್ಚರಿಕೆ, ದೇವರ ಆಲಯವನ್ನು ಕೆಡಿಸುವವನಿಗೆ ಕೊಟ್ಟದ್ದು, ಮೊದಲಿಗೆ ದುಶ್ಚಟದ ಬಗ್ಗೆ ಅಲ್ಲ, ಸಭೆಯನ್ನು ಒಡೆಯುವವರ ಬಗ್ಗೆ. ದೇಹವೇ ಪವಿತ್ರಾತ್ಮನಿಗೆ ಆಲಯ ಎಂಬ ಮಾತು 6:19ರಲ್ಲಿ ಬರುತ್ತದೆ, ಅಲ್ಲಿನ ವಿಷಯ ಜಾರತ್ವ. ಎರಡು ವಚನಗಳನ್ನೂ ಕಲಸಿ, ಆರೋಗ್ಯದ ಸಲಹೆಯಾಗಿ ಮಾತ್ರ ಬಳಸುವುದನ್ನು ಎಷ್ಟೋ ಬೋಧನೆಗಳಲ್ಲಿ ಕೇಳಿದ್ದೇನೆ. ತಪ್ಪು ಎನ್ನಲಾರೆ, ಆದರೆ ಪೌಲನ ಬಾಣದ ಮೊನೆ ಅಲ್ಲಿ ಮೊಂಡಾಗುತ್ತದೆ.

ಎಫೆಸ 2ಕ್ಕೆ ಹೋಗುವ ಮೊದಲು ಒಂದು ಕಲ್ಲಿನ ವಿಷಯ. ಯೆರೂಸಲೇಮಿನ ಆಲಯದ ಅಂಗಳದಲ್ಲಿ ಒಂದು ಅಡ್ಡಗೋಡೆಯಿತ್ತು. ಅನ್ಯಜನಾಂಗದವರು, ಅಂದರೆ ಯೆಹೂದ್ಯರಲ್ಲದವರು, ಅದನ್ನು ದಾಟಿದರೆ ಸಾವಿಗೆ ತಾವೇ ಹೊಣೆ ಎಂದು ಗ್ರೀಕಿನಲ್ಲಿ ಕೆತ್ತಿದ ಫಲಕಗಳಿದ್ದವು. ಅಂಥ ಒಂದು ಫಲಕ 1871ರಲ್ಲಿ ಸಿಕ್ಕಿತು; ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಅಪೊಸ್ತಲರ ಕೃತ್ಯಗಳು 21ರಲ್ಲಿ ಪೌಲನ ಮೇಲೆ ಬಂದ ಆರೋಪ ಇದೇ: ಎಫೆಸದ ತ್ರೊಫಿಮನನ್ನು ಒಳಗೆ ಕರೆತಂದನೆಂದು. ಜನ ಅವನನ್ನು ಆಲಯದಿಂದ ಹೊರಗೆ ಎಳೆದ ಕೂಡಲೇ, ಆ ಗ್ರಂಥದ ಲೇಖಕ ಲೂಕನು ಬರೆಯುತ್ತಾನೆ, ಬಾಗಿಲುಗಳು ಮುಚ್ಚಲ್ಪಟ್ಟವು. ಇಷ್ಟು ಓದಿ ಎಫೆಸ 2:14ಕ್ಕೆ ಬನ್ನಿ. ನಡುವೆ ಅಡ್ಡವಾಗಿದ್ದ ಗೋಡೆಯನ್ನು ಆತನು ಕೆಡವಿದನು ಎಂಬ ಮಾತಿಗೆ ಈಗ ಕಲ್ಲಿನ ಭಾರ ಬಂದಿರುತ್ತದೆ. ಅದೇ ಅಧ್ಯಾಯದ ಕೊನೆಗೆ ಒಳಗಿನವರೂ ಹೊರಗಿನವರೂ ಒಂದೇ ಕಟ್ಟಡದ ಕಲ್ಲುಗಳಾಗಿ ಜೋಡಣೆಯಾಗುತ್ತಾರೆ. 1 ಪೇತ್ರ 2:5 ಅವುಗಳನ್ನು ಜೀವವುಳ್ಳ ಕಲ್ಲುಗಳು ಎನ್ನುತ್ತದೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಇದನ್ನೆಲ್ಲ ಯೆಹೂದ್ಯರ ಆರಾಧನೆಯನ್ನು ಹೀಯಾಳಿಸುವ ಪಾಠವಾಗಿ ಓದಬೇಡಿ. ಮೊದಲ ಕ್ರೈಸ್ತರು ಪವಿತ್ರಾತ್ಮನು ಇಳಿದುಬಂದ ಪಂಚಾಶತ್ತಮ ಹಬ್ಬದ ನಂತರವೂ ದಿನವೂ ದೇವಾಲಯಕ್ಕೆ ಹೋಗುತ್ತಿದ್ದರು (ಕೃತ್ಯಗಳು 2:46). ಕ್ರಿ.ಶ. 70ರಲ್ಲಿ ಟೈಟಸನ ರೋಮನ್ ಸೈನ್ಯ ಅದನ್ನು ಉರುಳಿಸಿದ್ದು ಒಂದು ಜನಾಂಗದ ಮಹಾದುಃಖ. ಪ್ರವಾದಿಗಳೂ ಯೇಸುವೂ ದೇವಾಲಯವನ್ನು ಬಯ್ದದ್ದು ಮನೆಯವರಾಗಿ, ಬೀದಿಯವರಾಗಿ ಅಲ್ಲ.

ಕೊನೆಯ ಹೆಜ್ಜೆ: ನಕ್ಷೆಯನ್ನು ಮತ್ತೆ ತೆರೆಯಿರಿ

ಪ್ರಕಟನೆ 21, 22. ಹೊಸ ಯೆರೂಸಲೇಮಿನ ಉದ್ದ, ಅಗಲ, ಎತ್ತರ ಮೂರೂ ಸಮ, 12,000 ಸ್ತಾದ್ಯ (ಗ್ರೀಕರ ದೂರದ ಅಳತೆ). ಇಂಥ ಘನವನ್ನು ಮೊದಲೇ ಕಂಡಿದ್ದೀರಿ. ಒಬ್ಬನೇ ಒಬ್ಬನು ವರ್ಷಕ್ಕೊಮ್ಮೆ ಹೋಗುತ್ತಿದ್ದ ಕೋಣೆಯ ಆಕಾರವೇ ಈಗ ಇಡೀ ಪಟ್ಟಣದ ಆಕಾರ. ಆದ್ದರಿಂದಲೇ 21:22ರಲ್ಲಿ ಯೋಹಾನನು ಪಟ್ಟಣದಲ್ಲಿ ದೇವಾಲಯವನ್ನು ಕಾಣಲಿಲ್ಲ. ದೇವರೂ ಕುರಿಮರಿಯಾದಾತನೂ (ಯೇಸುವೂ) ಅದರ ದೇವಾಲಯ. ನದಿ ಮರಳಿ ಬಂದಿದೆ, ಜೀವವೃಕ್ಷವೂ ಬಂದಿದೆ.

ನೋಟ್‌ಬುಕ್ಕಿನಲ್ಲಿ ಗುಡಾರದ ನಕ್ಷೆಯ ಎದುರು ಪುಟದಲ್ಲಿ ಒಂದು ಚೌಕ ಬರೆದು ಹನ್ನೆರಡು ಬಾಗಿಲುಗಳನ್ನು ಹಾಕಿ, ಪ್ರತಿ ಬದಿಗೆ ಮೂರು. 21:13 ಎಣಿಕೆಯನ್ನು ಆರಂಭಿಸುವುದು ಪೂರ್ವದಿಂದ. ಅಶುದ್ಧವಾದದ್ದೊಂದೂ ಒಳಗೆ ಸೇರುವುದಿಲ್ಲ ಎಂದು 27 ಹೇಳುತ್ತದೆ. ಅದನ್ನು ಬಿಟ್ಟು ಓದಬೇಡಿ. ಬಾಗಿಲುಗಳು ಹಗಲಿನಲ್ಲಿ ಮುಚ್ಚುವುದೇ ಇಲ್ಲ, ಅಲ್ಲಿ ರಾತ್ರಿಯೇ ಇಲ್ಲ ಎಂದು 25 ಹೇಳುತ್ತದೆ, ಅದನ್ನೂ ಬಿಡಬೇಡಿ. ಇನ್ನು 12ನೆಯ ವಚನ: ಹನ್ನೆರಡು ಬಾಗಿಲಿಗೆ ಹನ್ನೆರಡು ದೂತರು. ಏದೆನಿನ ಪೂರ್ವದಲ್ಲಿ ನೀವು ಗುರುತು ಹಾಕಿಕೊಂಡ ಕಾವಲಿನ ಪಕ್ಕದಲ್ಲಿ ಇವರನ್ನು ಇಟ್ಟು ನೋಡಿ. ಇವರ ಕೈಯಲ್ಲಿ ಕತ್ತಿ ಇದೆಯೆಂದು ಯೋಹಾನನು ಬರೆದಿಲ್ಲ.